ನಿಮ್ಮ ಕೈಗೆ ಮೊದಲು ಹತಾರ ಕೊಟ್ಟವರು ಯಾರು?

ಹೊಳೆಬದಿ (ಊರು ಸಾಗರ ಕಡೆ, ಈಗ ಬೆಂಗಳೂರು)

ಹೋದ ವಾರ ಮನೆಯಲ್ಲಿ ನಡೆದದ್ದನ್ನು ಹೇಳಿಯೇ ಶುರು ಮಾಡ್ತೇನೆ. ನನ್ನ ಮಗಳಿಗೆ ಒಂಬತ್ತು ವರ್ಷ. ಮಿಕ್ಸಿ ಕೆಟ್ಟು ಎರಡು ದಿನ ಆಗಿತ್ತು. ಮೋಟಾರಿನ ಸದ್ದು ಬರುತ್ತೆ, ಜಾರಿನ ಬ್ಲೇಡು ಮಾತ್ರ ತಿರುಗಲ್ಲ. ಸಂಜೆ ನಾನು ಮನೆಗೆ ಬಂದಾಗ ಅವಳು ಮಿಕ್ಸಿಯನ್ನು ಬೋರಲು ಹಾಕಿಕೊಂಡು ತಳದ ಸ್ಕ್ರೂ ಬಿಚ್ಚುತ್ತಾ ಕೂತಿದ್ದಳು. ಪ್ಲಗ್ ಕಿತ್ತಿಟ್ಟಿದ್ದಳು. ಬಿಚ್ಚಿದ ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಹಾಕಿದ್ದಳು. ನಾನು ಒಂದು ಮಾತೂ ಕೇಳದೆ ಅವಳ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು "ಹಾಳು ಮಾಡ್ಬೇಡ" ಅಂದೆ. ಮೊದಲೇ ಹಾಳಾಗಿದ್ದ ಮಿಕ್ಸಿ ಅದು. ಅವಳು ಏನೂ ಅನ್ನದೆ ಎದ್ದು ಹೋದಳು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಜ್ಜ ನೆನಪಾದರು.

ನಮ್ಮದು ಅಡಿಕೆ ತೋಟದ ಮನೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಅಂಗಳದಲ್ಲಿ ಎರಡು ಪೀಪಾಯಿ. ಒಂದರಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ 50 ಲೀಟರ್ ನೀರಿಗೆ 1 ಕಿಲೋ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತಾ ಇರಬೇಕು. ಆಕಾಶದ ಬಣ್ಣದ ಬೋರ್ಡೋ ದ್ರಾವಣ ತಯಾರಾಗುತ್ತೆ. ಅದು ಹದಕ್ಕೆ ಬಂತೋ ಇಲ್ಲವೋ ನೋಡಲು ಒಂದು ಪರೀಕ್ಷೆ ಉಂಟು. ಬೂದಿ ಹಾಕಿ ಉಜ್ಜಿ ಹೊಳಪು ಮಾಡಿದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯಬೇಕು. ತೆಗೆದಾಗ ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಎಳೆಗಾಯಿ ಸುಟ್ಟುಹೋಗುತ್ತದೆ. ಅಲಗು ಬೆಳ್ಳಗೇ ಉಳಿದರೆ ಸರಿ.

ಆ ಚೂರಿ ಅದ್ದುವ ಕೆಲಸ ನನ್ನದು. ಆಗ ನನಗೆ ಏಳೋ ಎಂಟೋ. ಅಜ್ಜ ಪಕ್ಕದಲ್ಲಿ ಕೂತು "ತಮಾ, ಎಂತ ಬಣ್ಣ?" ಎಂದು ಕೇಳುವರು. ತಾವು ಬಗ್ಗಿ ನೋಡುತ್ತಿರಲಿಲ್ಲ. ಮರ ಹತ್ತಲು ತಯಾರಾಗಿ ನಿಂತ ನಾಲ್ಕು ಜನ ದೊಡ್ಡವರು ನನ್ನ ಮಾತಿಗೆ ಕಾಯುತ್ತಿದ್ದರು. ನಾನು "ಕೆಂಪು" ಅಂದರೆ ಇನ್ನೊಂದು ಬೊಗಸೆ ಸುಣ್ಣ, "ಬೆಳ್ಳಗಿದೆ" ಅಂದರೆ ಪಂಪಿಗೆ ತುಂಬುವುದು. ಆ ವರ್ಷದ ಇಡೀ ಫಸಲು ಆ ಪೀಪಾಯಿಯ ಮೇಲೆ ನಿಂತಿತ್ತು ಎಂಬುದು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ.

ಕಬ್ಬಿಣ ತಾಮ್ರವನ್ನು ನೀರಿನಿಂದ ಹೊರಗೆ ತಳ್ಳಿ ತಾನು ಒಳಗೆ ಹೋಗುತ್ತದೆ, ಆ ತಾಮ್ರವೇ ಚೂರಿಯ ಮೇಲೆ ಕೂರುವ ಕೆಂಪು. ಇದನ್ನು ಪಿಯುಸಿಯಲ್ಲಿ ಓದಿದೆ. ತರಗತಿಯಲ್ಲಿ ಎಲ್ಲರೂ ಸಮೀಕರಣ ಬರೆದುಕೊಳ್ಳುತ್ತಿದ್ದರು, ನನಗೆ ಮಾತ್ರ ಅಂಗಳ ಕಾಣುತ್ತಿತ್ತು. ಆಮೇಲೆ ತಿಳಿದ ಇನ್ನೊಂದು ಸಂಗತಿ: ಈ ಪದ್ಧತಿಯನ್ನು ಮಲೆನಾಡಿನ ತೋಟಗಳಿಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್, ಕೆನಡಾದವರು, 1910ರ ಆಸುಪಾಸಿನಲ್ಲಿ. ಅದಕ್ಕೆ ಮೊದಲು ನಮ್ಮವರು ಕರಡದ ಹುಲ್ಲಿನ ಕೊಟ್ಟೆ ಹೆಣೆದು ಒಂದೊಂದು ಗೊನೆಗೂ ಕೊಡೆಯ ಹಾಗೆ ಕಟ್ಟುತ್ತಿದ್ದರು. ಕೊಟ್ಟೆ ಕಟ್ಟುವುದನ್ನು ಅಜ್ಜ ಬಲ್ಲವರು.

ನಾನು ಇವತ್ತು ಏನನ್ನಾದರೂ ಬಿಚ್ಚಿ ನೋಡದೆ ಇರಲಾರೆ. ಆ ಗುಣದ ಬೇರು ಆ ಚೂರಿಯಲ್ಲೇ ಇದೆ ಅಂತ ನಂಬಿದ್ದೇನೆ. ಹಾಗಿದ್ದೂ ಮಗಳ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡೆ. ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮ ಮನೆ, ನಿಮ್ಮ ಊರು ನಿಮ್ಮ ಕೈಗೆ ಏನು ಕೊಟ್ಟಿತು? ಅಥವಾ ಏನು ಕಿತ್ತುಕೊಂಡಿತು?

---

ಕುಣಿಮಗ್ಗ (ಗುಳೇದಗುಡ್ಡ)

ಅಣ್ಣಾರ, ನಿಮ್ಮ ಚೂರಿ ಕತಿ ಓದಿ ನಮ್ಮಪ್ಪನ ಮಗ್ಗದ ಸಪ್ಪಳ ಕಿವ್ಯಾಗ ಬಂತು. ನಮ್ದು ಕುಬಸದ ಖಣ ನೇಯೋ ಮನಿ. ಪಡಸಾಲ್ಯಾಗ ಕುಣಿ, ಕುಣ್ಯಾಗ ಕಾಲು ಇಳಿಬಿಟ್ಟು ಅಪ್ಪ. ಬಾಗಲದಾಗ ರಾಟಿ ಇಟ್ಕೊಂಡು ಅವ್ವ ಕಂಡಿಕಿಗೆ ನೂಲು ಸುತ್ತಾಕಿ. ನಾನು ನಡುವ.

ನನಗ ಐದು ವರ್ಷ ಇದ್ದಾಗನ ಹರಿದ ಎಳಿ ಹುಡುಕೋ ಕೆಲಸ ಕೊಟ್ಟಿದ್ರು. ದೊಡ್ಡವರ ಬೆರಳು ದಪ್ಪ, ನಂದು ಸಣ್ಣ. ಸಾವಿರಗಟ್ಲೆ ಎಳಿಯೊಳಗ ಹರಿದದ್ದು ಯಾವುದು ಅಂತ ಬೆರಳಾಡಿಸಿ ಹುಡುಕಿ ಗಂಟು ಹಾಕಬೇಕು. ಗಂಟು ದಪ್ಪ ಆದ್ರ ಮುಂದ ಸಿಕ್ಕೊಂಡು ಮತ್ತ ಹರೀತದ.

ಆದ್ರ ನನ್ನ ತಲಿ ಕೆಡಿಸಿದ್ದು ಮಗ್ಗದ ಮ್ಯಾಲಿನ ಡಾಬಿ. ಕಟಗಿ ಪಟ್ಟಿಗಳ ಸರಪಳಿ ಅದು. ಪಟ್ಟಿಗೆ ತೂತು, ತೂತಿಗೆ ಸಣ್ಣ ಸಣ್ಣ ಗೂಟ. ಗೂಟ ಇದ್ದಲ್ಲಿ ಆ ಸಾಲಿನ ಎಳಿ ಮ್ಯಾಲೆ ಏಳತಾವ, ಗೂಟ ಇಲ್ಲದಲ್ಲಿ ಕೆಳಗ ಉಳೀತಾವ. ಅಷ್ಟರಾಗ ಇಡೀ ಬುಟ್ಟಾ, ಅಂದ್ರ ಅರಿವಿ ಮ್ಯಾಲಿನ ಚಿತ್ತಾರ, ಮೂಡತದ. ಹತ್ತು ವರ್ಷದಾಕಿ ಇದ್ದಾಗ ಒಂದು ಮಧ್ಯಾಹ್ನ ಅಪ್ಪ ಊಟಕ್ಕ ಎದ್ದಾಗ ನಾನು ಎರಡು ಗೂಟ ಕಿತ್ತು ಬ್ಯಾರೆ ತೂತಿನ್ಯಾಗ ಇಟ್ಟೆ. ಏನಾಗತದ ನೋಡೋಣು ಅಂತ. ಅಪ್ಪನ ಕಣ್ಣಿಗೆ ಅದು ಬೀಳೂದ್ರಾಗ ಒಂದು ಗೇಣು ಅರಿವಿ ನೇದು ಮುಗಿದಿತ್ತು. ಪ್ರತಿ ಬುಟ್ಟಾದ ಬಲಗಡಿ ಒಂದು ಮೂಲಿ ಸೊಟ್ಟ.

ನಾನು ಗ್ವಾಡಿಗೆ ಹತ್ತಿ ನಿಂತಿದ್ದೆ. ಅಪ್ಪ ಹೊಡೀಲಿಲ್ಲ. "ಯಾವ್ಯಾವ ಗೂಟ ಮುಟ್ಟಿದಿ, ಹೇಳು" ಅಂದ. ತೋರಿಸಿದೆ. "ಅಂದ್ರ ಆ ಮೂಲಿ ಈ ಗೂಟದ್ದು. ಗೊತ್ತಾತಲ್ಲ?" ಅಂದ. ಅಷ್ಟ. ಆ ವಾರ ಸಾವಕಾರರು ಆ ಖಣದ ಕೂಲಿ ಮುರಕೊಂಡ್ರು. ಮನ್ಯಾಗ ಎರಡು ದಿನ ಬರೇ ರೊಟ್ಟಿ ಖಾರ ಆತು, ಪಲ್ಲೆ ಇರಲಿಲ್ಲ. ಅವ್ವ ಏನೂ ಅನಲಿಲ್ಲ ನನಗ.

ಈಗ ಹುಬ್ಬಳ್ಯಾಗ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ತಪ್ಪು ಎಲ್ಲಿ ಅದ ಅಂತ ಹುಡುಕೂದು ನನ್ನ ದಿನದ ಕೂಲಿ. ಪ್ರತಿ ಸಲ ನಾನು ಮೊದಲು ಕೇಳೋ ಪ್ರಶ್ನಿ ಅಪ್ಪಂದು: ಯಾವ ಗೂಟ ಮುಟ್ಟಿದಿ? ಆ ಸೊಟ್ಟ ಬುಟ್ಟಾದ ತುಂಡು ನನ್ನ ಹಂತ್ಯಾಕನ ಅದ.

---

ಕುಲುಮೆ ಮನೆ (ಮಂಡ್ಯ ಕಡೆ, ಈಗ ಪೀಣ್ಯ)

ಎಲ್ಲರ ಬರಹ ಓದಿದೆ, ಚೆನ್ನಾಗಿದೆ. ಆದರೆ ನಾನು ಬೇರೆ ಮಾತು ಹೇಳಬೇಕು. ಯಾರೂ ಬೇಜಾರು ಮಾಡ್ಕೋಬೇಡಿ.

ನಮ್ಮ ತಾತ, ನಮ್ಮಪ್ಪ ಊರಿನ ಕಮ್ಮಾರರು. ಮನೆ ಮುಂದೆ ಕುಲುಮೆ. ನೇಗಿಲ ಗುಳ ಬಡಿಯೋದು, ಕುಡುಗೋಲಿಗೆ ಕಕ್ಕು ಹಾಕೋದು, ಗಾಡಿ ಚಕ್ರಕ್ಕೆ ಪಟ್ಟಾ ಕಟ್ಟೋದು. ವರ್ಷಕ್ಕೊಂದು ಸಲ ಸುಗ್ಗೀಲಿ ಕಣಕ್ಕೆ ಹೋಗಿ ಆಯದ ರಾಗಿ, ಅಂದ್ರೆ ವರ್ಷದ ಕೆಲಸದ ಕೂಲಿ, ಈಸ್ಕೊಂಡು ಬರಬೇಕು. ಕೆಲವರು ಗೌರವವಾಗಿ ಅಳೆದು ಕೊಡೋರು. ಕೆಲವರು ಮಧ್ಯಾಹ್ನದವರೆಗೂ ಬಿಸಿಲಲ್ಲಿ ನಿಲ್ಲಿಸಿ ಆಮೇಲೆ ತೂರಿದ್ದರ ತಳದ್ದು ಕೊಡೋರು. ನಾನು ಅಪ್ಪನ ಜೊತೆ ಚೀಲ ಹಿಡ್ಕೊಂಡು ನಿಂತಿದ್ದೀನಿ.

ಹಂಗಾಗಿ ನಮ್ಮಪ್ಪ ನನ್ನನ್ನು ಕುಲುಮೆ ಹತ್ತಿರ ಸೇರಿಸ್ತಿರಲಿಲ್ಲ. ಬೆಂಕಿಗೆ ಗಾಳಿ ಊದೋ ತಿದಿ ಒತ್ತೋದಕ್ಕೆ ಮಾತ್ರ ಕೂರಿಸೋನು, ಅದೂ ಆಳು ಬರದಿದ್ದ ದಿನ. ಸುತ್ತಿಗೆ ಮುಟ್ಟಿದ್ರೆ ಕೈಮೇಲೆ ಏಟು. "ಇದು ನನ್ನ ತಲೆಗೇ ಮುಗೀಲಿ, ನೀನು ಓದು" ಅನ್ನೋನು. ಮಗು ಕೈಯಿಂದ ಹತಾರ ಕಿತ್ತುಕೊಂಡರೆ ಕುತೂಹಲ ಸಾಯ್ತದೆ ಅಂತ ನೀವೆಲ್ಲ ಹೇಳ್ತಿದ್ದೀರ. ನಮ್ಮಪ್ಪ ಕಿತ್ತುಕೊಂಡಿದ್ದು ಪ್ರೀತಿಯಿಂದ. ಅವನಿಗೆ ಗೊತ್ತಿತ್ತು, ಆ ಸುತ್ತಿಗೆ ಒಂದು ಸಲ ಕೈಗೆ ಕೂತರೆ ಊರು ಅದನ್ನ ಕೆಳಗಿಡೋಕೆ ಬಿಡಲ್ಲ ಅಂತ.

ಅಡಿಕೆ ತೋಟದ ಮನೆಯ ಹುಡುಗ ಸುತ್ತಿಗೆ ಹಿಡಿದರೆ ಜಾಣ ಅಂತಾರೆ. ಕಮ್ಮಾರನ ಮಗ ಹಿಡಿದರೆ ಕಮ್ಮಾರ ಅಂತಾರೆ, ಅಷ್ಟೇ.

---

ಹೊಳೆಬದಿ

ಅಣ್ಣ, ಬೇಜಾರಿಲ್ಲ. ಬರೆದದ್ದಕ್ಕೆ ಕೈಮುಗಿಯುತ್ತೇನೆ. ನಾನು ಚೂರಿ ಅದ್ದುವಾಗ ಪಕ್ಕದಲ್ಲಿ ನಿಂತಿದ್ದ ನಾಲ್ಕು ಜನರ ಮಕ್ಕಳೂ ಆ ಅಂಗಳಕ್ಕೆ ಬರುತ್ತಿದ್ದರು. ಅವರ ಕೈಗೆ ಯಾರೂ ಆ ಚೂರಿ ಕೊಡಲಿಲ್ಲ. ನಿಮ್ಮ ಮಾತು ಓದುವವರೆಗೆ ಅದು ನನಗೆ ಹೊಳೆದೇ ಇರಲಿಲ್ಲ.

ಒಂದು ಕೇಳಲೇ? ತಿದಿ ಒತ್ತುತ್ತಾ ಕೂತಾಗ ನೀವು ಏನು ನೋಡುತ್ತಿದ್ದಿರಿ?

---

ಪಯಸ್ವಿನಿ ದಡ (ಸುಳ್ಯ)

ನಮ್ಮಲ್ಲಿ ಕುತೂಹಲ ಹುಟ್ಟುವುದೇ ಮಳೆಗಾಲದ ಕಷ್ಟದಿಂದ ಮಾರಾಯ್ರೇ. ಜೂನ್‌ನಿಂದ ಹೊಳೆ ತುಂಬಿದರೆ ಆಚೆ ದಡದ ಮಕ್ಕಳಿಗೆ ಶಾಲೆ ಇಲ್ಲ, ಬಸುರಿಯರಿಗೆ ಆಸ್ಪತ್ರೆ ಇಲ್ಲ. ಸುಳ್ಯದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಗಿರೀಶ್ ಭಾರದ್ವಾಜರ ಹತ್ತಿರ ಊರಿನವರು ಬಂದು ಒಂದು ಸೇತುವೆ ಮಾಡಿಕೊಡಿ ಎಂದು ಕೇಳಿದ್ದು, ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಆಮೇಲೆ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು.

ನಾನು ಹೇಳಹೊರಟದ್ದು ಸೇತುವೆಯ ಈಚೆಯ ಮಕ್ಕಳ ಬಗ್ಗೆ. ಉಕ್ಕಿನ ಹಗ್ಗದ ಮೇಲೆ ಕಾಲಿಟ್ಟಾಗ ಇಡೀ ಸೇತುವೆ ಅಲುಗುತ್ತದೆ. ಎಲ್ಲರೂ ಒಂದೇ ತಾಳದಲ್ಲಿ ಹೆಜ್ಜೆ ಹಾಕಿದರೆ ಹೆಚ್ಚು, ತಪ್ಪಿಸಿ ಹಾಕಿದರೆ ಕಡಿಮೆ. ನಾವು ಶಾಲೆಗೆ ಹೋಗುವಾಗ ದಿನಾ ಇದನ್ನೇ ಪರೀಕ್ಷೆ ಮಾಡುತ್ತಿದ್ದದ್ದು. ನಮ್ಮ ತರಗತಿಯಿಂದ ಇಬ್ಬರು ಸಿವಿಲ್ ಎಂಜಿನಿಯರ್ ಆಗಿದ್ದಾರೆ. ಅದು ಸೇತುವೆಯಿಂದಲೇ ಎಂದು ನಾನು ಆಣೆ ಮಾಡುವುದಿಲ್ಲ. ಆದರೆ ದಿನಾ ಕಾಲಡಿಯಲ್ಲಿ ಒಂದು ಪ್ರಶ್ನೆ ಅಲುಗುತ್ತಾ ಇದ್ದರೆ ಮಕ್ಕಳು ಸುಮ್ಮನೆ ದಾಟುವುದು ಕಷ್ಟ.

---

ಚಿತ್ತಾರ (ಸಾಗರ)

ಹೊಳೆಬದಿ ಅಣ್ಣ, ನಾನೂ ನಿಮ್ಮ ತಾಲೂಕಿನವಳೇ, ದೀವರ ಮನೆಯವಳು. ಇಲ್ಲಿ ಎಲ್ಲರೂ ಅಜ್ಜ, ಅಪ್ಪ ಅಂತಲೇ ಬರೆದಿದ್ದೀರಿ. ಕುಣಿಮಗ್ಗ ಅಕ್ಕನ ಅವ್ವ ಮಾತ್ರ ರಾಟಿಯ ಹಿಂದೆ ಕಂಡರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೈಗೆ ಮೊದಲ ಹತಾರ ಕೊಟ್ಟವಳು ಅವ್ವ. ಪುಂಡಿ ನಾರಿನ ಕುಂಚ. ಪುಂಡಿ ಕಡ್ಡಿಯಿಂದ ನಾರು ಬಿಡಿಸಿ, ತುದಿ ಜಜ್ಜಿ, ಎಳೆ ಬಿಡಿಸಿ, ಬೇಕಾದಷ್ಟೇ ದಪ್ಪಕ್ಕೆ ಕಟ್ಟುವುದು. ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಬರೆಯಬೇಕು. ಬುಟ್ಟಿಗೆ ಮೊದಲು ಕೆಮ್ಮಣ್ಣು ಸಾರಿಸಿ ಒಣಗಿಸುವುದು. ಅಕ್ಕಿ ನೆನೆಸಿ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಕಪ್ಪಾಗುವವರೆಗೆ ಹುರಿದು ಅರೆದರೆ ಕರಿ, ಗುರಿಗೆ ಕಾಯಿಯಿಂದ ಹಳದಿ. ಅಂಗಡಿಯಿಂದ ಬರುವುದು ಏನೂ ಇಲ್ಲ.

ಹಿಟ್ಟು ತೆಳುವಾದರೆ ಗೆರೆ ಹರಿಯುತ್ತೆ, ಗಟ್ಟಿಯಾದರೆ ನಡುವೆ ತುಂಡಾಗುತ್ತೆ. ಅವ್ವ ಒಂದು ಹನಿಯನ್ನು ಉಗುರಿನ ಮೇಲೆ ಇಟ್ಟು ಬೆರಳು ಓರೆ ಮಾಡಿ ನೋಡುವಳು. ಹನಿ ಜಾರಲೂ ಬಾರದು, ಗುಡ್ಡೆಯಾಗಿ ನಿಲ್ಲಲೂ ಬಾರದು. ನಿಮ್ಮ ಅಜ್ಜನ ಚೂರಿಯ ಹಾಗೆಯೇ ಇದೂ ಒಂದು ಪರೀಕ್ಷೆ ಅಲ್ಲವಾ? ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ ಉಸಿರು ಹಿಡಿದು ಒಂದೇ ಎಳೆತದಲ್ಲಿ ಗೆರೆ ಎಳೆಯಬೇಕು. ಒಂದರ ಪಕ್ಕ ಒಂದು ಗೆರೆ, ನಡುವಿನ ಸಂದು ಎಲ್ಲೂ ಹೆಚ್ಚು ಕಡಿಮೆ ಇಲ್ಲ. ಸ್ಕೇಲಿಲ್ಲ, ಪೆನ್ಸಿಲಿಲ್ಲ. ಆ ಲೆಕ್ಕವೆಲ್ಲ ಅವ್ವನ ಕಣ್ಣಲ್ಲೇ ಇತ್ತು.

ಆದರೆ ಸೈಕಲ್ಲಿನ ಸ್ಪ್ಯಾನರ್ ಅಣ್ಣನದು. ನಾನು ಮುಟ್ಟಿದರೆ "ಗಂಡುಬೀರಿ" ಅನ್ನುತ್ತಿದ್ದರು. ಶಾಲೆಯಲ್ಲಿ ವಿಜ್ಞಾನದ ಮಾದರಿ ಮಾಡುವಾಗ ತಂತಿ ಜೋಡಿಸುವವರು ಹುಡುಗರು, ಥರ್ಮೋಕೋಲಿಗೆ ಬಣ್ಣ ಹಚ್ಚುವವರು ನಾವು. ಮೂವತ್ತು ದಾಟಿದ ಮೇಲೆ ನಾನೇ ದುಡ್ಡು ಕೊಟ್ಟು ಡ್ರಿಲ್ ತಂದೆ. ಗೋಡೆಗೆ ಮೊದಲ ತೂತು ಕೊರೆಯುವಾಗ ಕೈ ನಡುಗಲಿಲ್ಲ. ಹೆದರಿಕೆಯನ್ನು ನನ್ನೊಳಗೆ ಬೇರೆಯವರು ಇಟ್ಟಿದ್ದರು, ಕೈಯನ್ನು ಮಾತ್ರ ಅವ್ವ ಯಾವಾಗಲೋ ತಯಾರು ಮಾಡಿಟ್ಟಿದ್ದಳು.

ಮಿಕ್ಸಿ ಬಿಚ್ಚಿದ್ದು ಮಗಳು ಅಂದಿರಲ್ಲ ಅಣ್ಣ, ದಯವಿಟ್ಟು ಸ್ಕ್ರೂಡ್ರೈವರ್ ವಾಪಸು ಕೊಡಿ. ಇವತ್ತೇ.

---

ಜೋಳದ ಹೊಲ (ಧಾರವಾಡ)

ಅಕ್ಕಾರ ಮಾತು ಖರೇ ಅದ.

ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರದೊಂದು ಕತಿ ನಮ್ಮ ಕಡೆ ಎಲ್ಲರಿಗೂ ಪರಿಚಯ. ಹುಡುಗ ಇದ್ದಾಗ ಅವರಿಗೆ ನಸುಕಿನ್ಯಾಗ ಎಚ್ಚರ ಆಗತಿರಲಿಲ್ಲಂತ. ಅಲಾರಂ ಬಡಕೊಂಡ್ರೂ ಮಲಗೇ ಇರ್ತಿದ್ರು. ಆ ಗಡಿಯಾರದ ಬೆನ್ನಿನ ಕೀಲಿ ಅಲಾರಂ ಬಡಿಯೂ ಮುಂದ ತಿರಗತದಲ್ಲ, ಆ ಕೀಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿ ನೀರಿನ ಬಾಟ್ಲಿಗೆ ಕಟ್ಟಿದ್ರು. ಕೀಲಿ ತಿರಗಿದಂಗ ದಾರ ಸುತ್ತಿಕೊಂತದ, ಬಾಟ್ಲಿ ಓರಿ ಆಗತದ, ನೀರು ಮಾರಿ ಮ್ಯಾಲೆ! ಮುಂದ ಓದೂದು ಬಿಟ್ಟು ಹೊಲಕ್ಕ ಇಳೀಬೇಕಾತು. ಹುಣಸಿಹಣ್ಣಿನ ಬೀಜ ಬಿಡಿಸೋ ಯಂತ್ರ, ಎತ್ತಿಗೆ ಹೂಡೋ ಬಿತ್ತೋ ಕೂರಿಗಿ, ಹಿಂಗ ಒಂದರ ಮ್ಯಾಲೊಂದು ಮಾಡಿದ್ರು. 2022ರಾಗ ಪದ್ಮಶ್ರೀ ಬಂತು.

ನನಗ ಹಿಡಿಸಿದ್ದು ಪ್ರಶಸ್ತಿ ಅಲ್ಲ. ಹಾಸಿಗಿ ತೋಯಿಸಿದ ಹುಡುಗನ ಕೈಯಾಗಿನ ಆ ಗಡಿಯಾರ ಮನ್ಯಾಗ ಯಾರೂ ಕಸಕೊಂಡಿರಲಿಕ್ಕಿಲ್ಲ ಅನ್ನೂದು.

---

ಬುಗುರಿ ಮೇಷ್ಟ್ರು (ಚನ್ನಪಟ್ಟಣದ ಹತ್ತಿರದ ಸರ್ಕಾರಿ ಶಾಲೆ)

ನನ್ನ ತರಗತಿಯಲ್ಲಿ ಬೊಂಬೆ ಕೆಲಸದ ಮನೆಗಳ ಮಕ್ಕಳಿದ್ದಾರೆ. ಆಲೆಮರದ ತುಂಡು ಲೇತಿಗೆ ಕೊಟ್ಟು, ಉಳಿ ಹಿಡಿದು ಆಕಾರ ತೆಗೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಓಲೆಗರಿ ಒತ್ತಿದರೆ ಕನ್ನಡಿಯಂಥ ಹೊಳಪು. ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆಯುವುದಕ್ಕೆ ಮೊದಲೇ ಇವರ ಬೆರಳಿಗೆ ಗೊತ್ತು.

ಒಬ್ಬ ಹುಡುಗ ಓದಿನಲ್ಲಿ ತೀರಾ ಹಿಂದೆ. ಒಂದು ದಿನ ಬುಗುರಿ ತಂದ. ನಾನು ಅದನ್ನು ತಿರುಗಿಸಿ, ಇದು ಯಾಕೆ ಬೀಳಲ್ಲ ಎಂದು ತರಗತಿಗೆ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಅವನು ಎದ್ದು, "ಸಾ, ಹೊಟ್ಟೆ ಕೆಳಗಿದ್ರೆ ನಿಲ್ತದೆ, ಮೇಲಕ್ಕೆ ಬಿಟ್ರೆ ತೂಗಾಡ್ತದೆ. ಅಪ್ಪ ಕೆಟ್ಟೋಗಿದ್ದು ಎಸೀತಾರಲ್ಲ, ಅದೆಲ್ಲ ನಾನು ತಿರುಗಿಸಿ ನೋಡಿವ್ನಿ" ಅಂದ. ಕೆಟ್ಟುಹೋದದ್ದನ್ನೆಲ್ಲ ತಿರುಗಿಸಿ ನೋಡಿದ್ದಾನೆ! ಅವನ ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಈ ವಿಷಯಕ್ಕೆ ನನಗೆ ನಿಜವಾದ ಸಂಕಟವಿದೆ.

ಮನೆಯಲ್ಲಿ ಲೇತೂ ಇಲ್ಲದ, ಮಗ್ಗವೂ ಇಲ್ಲದ ಮಕ್ಕಳಿಗೆ ನಾನು ಮಾಡುವುದು ಒಂದೇ. ಅರವಿಂದ ಗುಪ್ತಾ ಅವರು 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕಾಗಿ ಮಾಡಿದ್ದು: ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬ್. ಟ್ಯೂಬನ್ನು ಸಣ್ಣ ಸಣ್ಣ ತುಂಡು ಮಾಡಿ, ಎರಡೂ ಕಡೆಯಿಂದ ಕಡ್ಡಿ ತೂರಿಸಿದರೆ ಬಾಗುವ ಕೀಲು. ಮೂರು ಕಡ್ಡಿ ಸೇರಿಸಿ ಒತ್ತಿ ನೋಡಿ, ಅಲ್ಲಾಡಲ್ಲ. ನಾಲ್ಕು ಸೇರಿಸಿ ಒತ್ತಿ, ಮಲಗಿಬಿಡುತ್ತದೆ. ಅದಕ್ಕೆ ಕರ್ಣದಲ್ಲಿ ಇನ್ನೊಂದು ಉದ್ದದ ಕಡ್ಡಿ ಕೊಟ್ಟರೆ ಮತ್ತೆ ಗಟ್ಟಿ. ಹೀಗೆ ಮಾಡಿದ ಮಧ್ಯಾಹ್ನ ಶಾಲೆಯಿಂದ ಮನೆಗೆ ಹೋಗುವಾಗ ಒಬ್ಬಳು ನಿಂತು ವಿದ್ಯುತ್ ಗೋಪುರವನ್ನು ಅಡಿಯಿಂದ ತುದಿವರೆಗೆ ನೋಡಿ, "ಸಾ, ಬರೀ ತ್ರಿಕೋನ" ಅಂದಳು.

ಖರ್ಚು ತೀರಾ ಕಡಿಮೆ. ಯಾರಿಗಾದರೂ ಬೇಕಿದ್ದರೆ ಹೇಳಿ, ನಾನು ಮಾಡುವ ಕ್ರಮ ಬರೆದು ಹಾಕುತ್ತೇನೆ.

---

ದಾವಣಗೆರೆ ಹುಡುಗಿ (ಈಗ ನೆದರ್‌ಲೆಂಡ್ಸಿನ ಐಂಡ್‌ಹೋವನ್)

ಅಪ್ಪ ಬಟ್ಟೆ ಮಿಲ್ಲಿನಲ್ಲಿದ್ದರು, ಭಾನುವಾರ ಮಾತ್ರ ರೇಡಿಯೋ ರಿಪೇರಿ. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಯ ವಾಸನೆ ಎಲ್ಲಿ ಬಂದರೂ ನನಗೆ ಭಾನುವಾರವೇ.

ಇಲ್ಲಿ ತಿಂಗಳಿಗೊಮ್ಮೆ ದುರಸ್ತಿ ಕೆಫೆ ನಡೆಯುತ್ತೆ. 2009ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಶುರುವಾದದ್ದು, ಈಗ ಎಷ್ಟೋ ಊರುಗಳಲ್ಲಿದೆ. ಕೆಟ್ಟ ಲ್ಯಾಂಪ್, ಹರಿದ ಕೋಟು, ಟೋಸ್ಟರ್ ತಂದರೆ ಬಲ್ಲವರು ಜೊತೆಗೆ ಕೂತು ಸರಿಮಾಡುತ್ತಾರೆ. ನೀವು ಕೊಟ್ಟು ಹೋಗುವ ಹಾಗಿಲ್ಲ, ನೀವೂ ಕೂರಬೇಕು. ನನ್ನ ಮಗ ಅಲ್ಲಿ ನಿವೃತ್ತರಾದ ಒಬ್ಬ ತಾತನ ಪಕ್ಕ ಕೂರುತ್ತಾನೆ. ಇಬ್ಬರಿಗೂ ಭಾಷೆ ಅಷ್ಟಕ್ಕಷ್ಟೇ, ಕೆಲಸ ಮಾತ್ರ ಸರಾಗ. ಅವರನ್ನು ನೋಡುವಾಗೆಲ್ಲ ಅನಿಸುವುದು, ಇದು ನಮ್ಮ ಅಂಗಳದಲ್ಲಿ ಇದ್ದದ್ದೇ ಅಲ್ವಾ? ಅಂಗಳ ಹೋಯಿತು, ಜೊತೆಗೆ ಅಜ್ಜಂದಿರೂ ಬೇರೆ ಊರಲ್ಲಿ ಉಳಿದರು. ಕುಲುಮೆ ಮನೆ ಅಣ್ಣನ ಉತ್ತರಕ್ಕೆ ನಾನೂ ಕಾಯುತ್ತಿದ್ದೇನೆ.

---

ಕುಲುಮೆ ಮನೆ

ಎರಡು ದಿನ ಯೋಚನೆ ಮಾಡಿದೆ. ಏನು ನೋಡ್ತಿದ್ದೆ ಅಂತ ಕೇಳಿದ್ರಲ್ಲ. ಬಣ್ಣ ನೋಡ್ತಿದ್ದೆ.

ಉಳಿ ಕಾಯಿಸಿ ನೀರಿಗೆ ಅದ್ದಿದ ಮೇಲೆ ಅದು ಗಾಜಿನಂಗೆ ಗಡಸು, ಹೊಡೆದರೆ ಚೂರು. ಹಂಗಾಗಿ ಅದನ್ನ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಸಣ್ಣ ಶಾಖಕ್ಕೆ ಹಿಡೀತಾರೆ. ಆಗ ಬಣ್ಣ ಓಡ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಯಾವ ಬಣ್ಣ ಅಲಗಿನ ತುದಿಗೆ ಬಂದಾಗ ನೀರಿಗೆ ಹಾಕಬೇಕು ಅನ್ನೋದೇ ಹದ. ಕಣ್ಣು ಮಿಟುಕಿಸೋ ಹೊತ್ತು ತಡ ಆದ್ರೆ ಹೋಯ್ತು. ಅಪ್ಪ ನನಗೆ ಯಾವತ್ತೂ ಹೇಳಿಕೊಡಲಿಲ್ಲ. ಆದರೆ ನಾನು ತಿದಿ ಒತ್ತೋ ಜಾಗ ಎಲ್ಲಿತ್ತು ಅಂದ್ರೆ, ಅಲಗು ನೇರವಾಗಿ ನನ್ನ ಕಣ್ಣಿಗೇ ಕಾಣೋದು. ಕಬ್ಬಿಣ ಇಟ್ಟು ಬಡಿಯೋ ಅಡಿಗಲ್ಲು ಬೇರೆ ಕಡೆ ತಿರುಗಿಸಿ ಇಟ್ಟಿದ್ರೆ ಕಾಣ್ತಿರಲಿಲ್ಲ. ನನ್ನನ್ನ ಅಲ್ಲೇ ಯಾಕೆ ಕೂರಿಸ್ತಿದ್ದ ಅಂತ ಇಷ್ಟು ವರ್ಷಕ್ಕೆ ಈಗ ಯೋಚನೆ ಬಂತು.

ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದೆ. ಹೀಟ್ ಟ್ರೀಟ್‌ಮೆಂಟ್ ವಿಭಾಗ, ಉಕ್ಕು ಕಾಯಿಸಿ ಹದ ಮಾಡೋ ಕಡೆ. ಅಲ್ಲಿ ಕುಲುಮೆ ಅಂದ್ರೆ ಪರದೆ ಮೇಲೆ ಅಂಕಿ. ಒಂದು ಸಲ ಅಪ್ಪನ್ನ ಕರ್ಕೊಂಡು ಹೋಗಿದ್ದೆ. ಟ್ರೇನಲ್ಲಿದ್ದ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದು, "ಇದು ಉಳಿಗಾಗಲ್ಲ ಕಣ್ಲಾ, ಸ್ಪ್ರಿಂಗಿಗಾಯ್ತದೆ" ಅಂದ. ನೀಲಿ ಬಂದಿತ್ತು, ಸುಮಾರು 300 ಡಿಗ್ರಿ. ಅದು ಸ್ಪ್ರಿಂಗೇ. ಜೊತೆಗಿದ್ದ ಎಂಜಿನಿಯರ್ ಅಪ್ಪನಿಗೆ ಕುರ್ಚಿ ಎಳೆದು ಹಾಕಿದ. ಕಣದಲ್ಲಿ ನಿಂತು ನಿಂತು ಸವೆದ ಕಾಲು ಅದು. ಅಪ್ಪ ಕೂರಲಿಲ್ಲ, ಕುರ್ಚಿ ಹಿಡ್ಕೊಂಡು ನಿಂತಿದ್ದ.

ನಾನು ಮೊದಲು ಬರೆದದ್ದನ್ನ ವಾಪಸು ತಗೊಳ್ಳಲ್ಲ. ಊರು ನಮ್ಮನ್ನ ನಿಲ್ಲಿಸಿದ್ದು ನಿಜ. ಇದೂ ನಿಜ.

---

ಕುಣಿಮಗ್ಗ

ಅಣ್ಣಾ, ಓದಿ ಕಣ್ಣು ತುಂಬಿ ಬಂತು. ಅಪ್ಪಾರು ಆರಾಮ ಅದಾರ?

---

ಕುಲುಮೆ ಮನೆ

ಅವ್ರೆ ತಂಗೀ, ಊರಲ್ಲಿ. ಕುಲುಮೆ ಆರಿ ಹತ್ತು ವರ್ಷ ಆಯ್ತು. ಅಡಿಗಲ್ಲು ಅಂಗಳದಲ್ಲೇ ಐತೆ, ಮಾರೋಕೆ ಒಪ್ಪಲ್ಲ.

---

ಹೊಳೆಬದಿ

ಎಲ್ಲರಿಗೂ ವರದಿ ಒಪ್ಪಿಸಬೇಕು.

ಚಿತ್ತಾರ ಅಕ್ಕ ಹೇಳಿದ ದಿನವೇ ಮಗಳ ಮುಂದೆ ಮಿಕ್ಸಿ, ಸ್ಕ್ರೂಡ್ರೈವರ್, ಅದೇ ಬಟ್ಟಲು ಇಟ್ಟು "ನನ್ನದು ತಪ್ಪಾಯಿತು" ಅಂದೆ. ಅವಳು ಎರಡು ಸಲ ನನ್ನ ಮುಖ ನೋಡಿದಳು. ಆಮೇಲೆ ಕೂತಳು. ನಾನು ಪ್ಲಗ್ ಮಾತ್ರ ನೋಡಿಕೊಂಡೆ, ಬಿಚ್ಚುವುದಕ್ಕೆ ಕೈ ಹಾಕಲಿಲ್ಲ.

ಕೆಟ್ಟಿದ್ದು ಮೋಟಾರ್ ಅಲ್ಲ. ಮೇಲ್ಗಡೆ ಜಾರು ಕೂರುವ ಜಾಗದಲ್ಲಿ ಒಂದು ಕಪ್ಲರ್ ಇದೆ, ಹೂವಿನ ಆಕಾರದ್ದು. ಅದರ ಹಲ್ಲುಗಳು ಸವೆದು ನುಣ್ಣಗಾಗಿದ್ದವು, ಹಾಗಾಗಿ ಅದು ಜಾರನ್ನು ಹಿಡಿಯದೆ ಸುಮ್ಮನೆ ತಿರುಗುತ್ತಿತ್ತು. ಅದನ್ನು ಬಿಚ್ಚಬೇಕಾದರೆ ಕೆಳಗಿನಿಂದ ಮೋಟಾರಿನ ದಂಡ ಅಲ್ಲಾಡದಂತೆ ಹಿಡಿಯಬೇಕು. ಅಂದರೆ ಅವಳು ಆ ಸಂಜೆ ತಳ ಬಿಚ್ಚುತ್ತಿದ್ದದ್ದೇ ಸರಿಯಾದ ದಾರಿ.

ದಂಡ ನಾನು ಹಿಡಿದೆ, ಕಪ್ಲರ್ ಅವಳು ತಿರುಗಿಸಿದಳು. ಬರಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದಳು, ಬರಲಿಲ್ಲ. ಇನ್ನಷ್ಟು ಬಿಗಿಯಾಗುತ್ತಿತ್ತು. ನನಗೆ ಹೇಳಿಬಿಡುವ ಆಸೆ, ನಾಲಿಗೆ ಕಚ್ಚಿಕೊಂಡೆ. ಹತ್ತು ನಿಮಿಷ ಆದ ಮೇಲೆ ಅವಳು ಕೈ ಬಿಟ್ಟು ಮಿಕ್ಸಿಯನ್ನು ಸುಮ್ಮನೆ ನೋಡುತ್ತಾ ಕೂತಳು. "ಇದು ಯಾವ ಕಡೆ ತಿರುಗುತ್ತೆ ಅಪ್ಪ, ಆನ್ ಮಾಡಿದಾಗ?" ಅಂದಳು. ಗೊತ್ತಿಲ್ಲ, ನೀನೇ ನೋಡು ಅಂದೆ. ತಳ ಮುಚ್ಚಿ, ಪ್ಲಗ್ ಹಾಕಿ, ಅರೆ ಕ್ಷಣ ಆನ್ ಮಾಡಿ ನೋಡಿದಳು. ಪ್ಲಗ್ ತೆಗೆದು ಮತ್ತೆ ಬಿಚ್ಚಿ, ಕಪ್ಲರನ್ನು ಉಲ್ಟಾ ತಿರುಗಿಸಿದಳು. ಬಂತು.

"ಮಾಮೂಲಿ ಸ್ಕ್ರೂ ಥರ ಇಟ್ಟಿದ್ರೆ ತಿರುಗಿ ತಿರುಗಿ ಅದೇ ಬಿಚ್ಚಿಕೊಳ್ತಿತ್ತು" ಅಂತ ಅವಳೇ ಹೇಳಿದಳು. ನನಗೆ ಆ ಕ್ಷಣ "ತಮಾ, ಎಂತ ಬಣ್ಣ?" ಎಂದು ಕೇಳಿದ ಅಜ್ಜನ ದನಿ ಪಕ್ಕದಲ್ಲೇ ಬಂದ ಹಾಗಾಯಿತು.

ಹೊಸ ಕಪ್ಲರ್ ನಮ್ಮ ರಸ್ತೆಯ ರಿಪೇರಿ ಅಂಗಡಿಯಲ್ಲೇ ಸಿಕ್ಕಿತು. ಅವಳೇ ಹಾಕಿದಳು. ನಿನ್ನೆ ಬೆಳಿಗ್ಗೆ ಚಟ್ನಿ ಆಯಿತು. ಸವೆದದ್ದನ್ನು ಕಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ, ಶಾಲೆಗೂ ಒಯ್ದಿದ್ದಾಳೆ.

---

ಕುಲುಮೆ ಮನೆ

ಮಗಳಿಗೆ ಹೇಳಿ ಅಣ್ಣ, ಸೈಕಲ್ಲಿನ ಎಡಗಡೆ ಪೆಡಲ್ಲೂ ಉಲ್ಟಾ ಥ್ರೆಡ್ಡೇ. ಬಲಗಡೆದು ಮಾಮೂಲಿ. ಎರಡೂ ಬಿಚ್ಚಿ ನೋಡ್ಲಿ. ಯಾಕೆ ಅಂತ ನೀವು ಹೇಳ್ಬೇಡಿ.